ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ? ಮಾವನ ಡಬ್ಬಿಯ ಮೂರು ನಾಣ್ಯ

#1 ಡಬ್ಬಿ_ನಾಣ್ಯ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಹಡಗಿನಲ್ಲಿ ಕೆಲಸದಲ್ಲಿದ್ದವರು. ಅವರು ಕೂಡಿಟ್ಟಿದ್ದ ನಾಣ್ಯಗಳ ತಗಡಿನ ಡಬ್ಬಿ ಈಗ ನನ್ನ ಹತ್ತಿರ ಇದೆ. ನಾನೂರರ ಮೇಲಿವೆ, ಮುಕ್ಕಾಲು ಪಾಲು ಅಮೆರಿಕದವು. ಎರರ್ ನಾಣ್ಯಗಳ, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದವುಗಳ ಬಗ್ಗೆ ನಾಲ್ಕಾರು ವಿಡಿಯೊ ನೋಡಿ, ಎರಡು ರಾತ್ರಿ ಕೂತು ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ಮೂರನ್ನು ಬೇರೆ ತೆಗೆದಿಟ್ಟಿದ್ದೇನೆ.

ಒಂದನೆಯದು 1994ರ ಒಂದು ಸೆಂಟ್. ಇಸವಿಯ ಅಂಕಿಗಳು ಎರಡೆರಡು ಸಲ ಬಿದ್ದ ಹಾಗೆ ಕಾಣುತ್ತವೆ. ಎರಡನೆಯದು ಕ್ವಾರ್ಟರ್, ಅಂದರೆ 25 ಸೆಂಟ್. ಒಂದು ಮುಖ ಬೆಳ್ಳಿ ಬಣ್ಣ, ಇನ್ನೊಂದು ಮುಖ ಪೂರ್ತಿ ತಾಮ್ರದ ಕಂದು. ಮೇಲಿನ ಪದರವೇ ಇಲ್ಲದೆ ಅಚ್ಚಾಗಿದೆ ಅಂತ ನನ್ನ ಊಹೆ. ಮೂರನೆಯದು 1975ರ ಸೆಂಟ್. ಬೇರೆ ಸೆಂಟಿನ ಪಕ್ಕ ಇಟ್ಟರೆ ಎದ್ದು ಕಾಣುವಷ್ಟು ಚಿಕ್ಕದು, ಅಂಚು ಮಾತ್ರ ದಪ್ಪ. ಡೈಮ್‌ಗೆ, ಅಂದರೆ 10 ಸೆಂಟ್ ನಾಣ್ಯಕ್ಕೆ ಅಂತ ಇದ್ದ ಬಿಲ್ಲೆಯ ಮೇಲೆ ಸೆಂಟಿನ ಅಚ್ಚು ಬಿದ್ದಿರಬಹುದಾ?

ಫೋಟೋ ಹಾಕಿದ್ದೇನೆ. ತಿಳಿದವರು ನೋಡಿ ಹೇಳಿ.


#2 ನೋಟ_ಹತ್ತುಪಟ್ಟು

ಸ್ವಾಗತ. ಫೋಟೋ ಚೆನ್ನಾಗಿ ಬಂದಿವೆ, ಆದರೆ ಫೋಟೋ ಒಂದೇ ಸಾಲದು. ಮೂರರ ತೂಕವೂ ಬೇಕು, ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ತಕ್ಕಡಿಯಲ್ಲಿ. ಮೂರನೆಯದರ ಅಡ್ಡಳತೆಯೂ ಬೇಕು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಯಾವುದನ್ನೂ ತೊಳೆಯಬೇಡಿ, ಬಟ್ಟೆಯಲ್ಲಿ ಉಜ್ಜಬೇಡಿ.


#3 ಅಚ್ಚುಮೊಳೆ

ತೂಕ ಬರಲಿ. ಅಷ್ಟರೊಳಗೆ ನಾನು ಇಷ್ಟು ವರ್ಷ ನೋಡುತ್ತಾ ಬಂದ ಕ್ರಮವನ್ನು ಹೇಳುತ್ತೇನೆ, ನಿಮಗೆ ಉಳಿದ ನಾನೂರಕ್ಕೂ ಉಪಯೋಗಕ್ಕೆ ಬರುತ್ತದೆ.

ನಾಣ್ಯದ ಮೇಲೆ ಏನಾದರೂ ವಿಚಿತ್ರ ಕಂಡರೆ "ಇದು ಯಾವ ಎರರ್?" ಅಂತ ಎಲ್ಲರೂ ಕೇಳುತ್ತಾರೆ. ನಾನು ಅದಕ್ಕೂ ಮೊದಲು "ಇದು ಯಾವ ಹೊತ್ತಿನಲ್ಲಿ ಆಯಿತು?" ಅಂತ ಕೇಳಿಕೊಳ್ಳುತ್ತೇನೆ. ಲೋಹದ ಉದ್ದನೆಯ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಅದನ್ನು ಕಾಯಿಸಿ ಮೆದು ಮಾಡಿ ತೊಳೆಯುತ್ತಾರೆ. ಒಂದು ಯಂತ್ರದಲ್ಲಿ ಉರುಳಿಸಿ ಸುತ್ತಲೂ ಅಂಚು ಎಬ್ಬಿಸುತ್ತಾರೆ. ಕೊನೆಗೆ ಕಾಲರ್ ಅನ್ನುವ ಉಕ್ಕಿನ ಬಳೆಯೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತುತ್ತಾರೆ. ಒತ್ತಿದ ಮೇಲೆ ಅದು ನಾಣ್ಯ. ಅಲ್ಲಿಂದಾಚೆಗೆ ಆದದ್ದೆಲ್ಲ ಪೆಟ್ಟು, ಅದು ಎಷ್ಟೇ ಚಂದವಾಗಿದ್ದರೂ.

ಇದನ್ನು ಕಣ್ಣಿನಲ್ಲಿ ಗುರುತಿಸೋದು ಹೇಗೆ? ಅಚ್ಚು ಬೀಳುವ ಮುಂಚೆ ಬಿಲ್ಲೆಗೆ ಏನಾಗಿತ್ತೋ ಅದರ ಮೇಲೆ ಚಿತ್ರ ಹರಿದಿರುತ್ತದೆ. ಆಮೇಲೆ ಆದದ್ದು ಚಿತ್ರವನ್ನು ತುಳಿದುಕೊಂಡು ಹೋಗಿರುತ್ತದೆ. ಮಸೂರದಡಿ ನೋಡುವಾಗ ಅಕ್ಷರವೊಂದು ಆ ಗುರುತನ್ನು ಮುಟ್ಟುವ ಜಾಗ ಹುಡುಕಿ. ಅಕ್ಷರ ಗುರುತಿನ ಮೇಲೆ ಹತ್ತಿ ಹೋಗಿದೆಯೋ, ಗುರುತು ಅಕ್ಷರವನ್ನು ಕೊಯ್ದಿದೆಯೋ? ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಪ್ರಶ್ನೆ ಅಲ್ಲೇ ಮುಗಿದುಹೋಗುತ್ತದೆ.

ಇನ್ನೊಂದು, ಉಬ್ಬು ಮತ್ತು ತಗ್ಗು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು. ಅಚ್ಚಿನಲ್ಲಿ ತಗ್ಗಾಗಿ ಕೆತ್ತಿದ್ದು ನಾಣ್ಯದಲ್ಲಿ ಉಬ್ಬಿ ಬರುತ್ತದೆ. ಹಾಗಾಗಿ ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಏಳುತ್ತದೆ. ನಾಣ್ಯಕ್ಕೇ ಗೀರು ಬಿದ್ದರೆ ಅದು ತಗ್ಗು, ಅಷ್ಟೇ ಅಲ್ಲ, ನೇಗಿಲು ಹೋದ ಸಾಲಿನಲ್ಲಿ ಎರಡೂ ಬದಿಗೆ ಮಣ್ಣು ಏಳುವ ಹಾಗೆ ಗೀರಿನ ಪಕ್ಕದಲ್ಲಿ ಲೋಹ ಎದ್ದಿರುತ್ತದೆ. ಬೆರಳಿಗೆ ಅದು ಚುರುಕ್ ಅನ್ನುತ್ತದೆ. ದೀಪವನ್ನು ಒಂದೇ ಕಡೆಯಿಂದ, ಓರೆಯಾಗಿ ಹಿಡಿದು ನೋಡಿ. ನೆರಳು ಯಾವ ಬದಿಗೆ ಬೀಳುತ್ತದೆ ಅನ್ನೋದರಿಂದ ಉಬ್ಬೋ ತಗ್ಗೋ ತಿಳಿಯುತ್ತದೆ. ಫೋಟೋದಲ್ಲಿ ಇದು ಸುಲಭವಾಗಿ ಮೋಸ ಮಾಡುತ್ತದೆ, ತಗ್ಗು ಉಬ್ಬಿನ ಹಾಗೆ ಕಾಣುತ್ತದೆ. ಅದಕ್ಕೇ ಬೆಳಕು ಯಾವ ಕಡೆಯಿಂದ ಬಂತು ಅಂತ ಫೋಟೋ ಹಾಕುವಾಗ ಬರೆಯಿರಿ.

ಅಚ್ಚಿನ ಅಂಚೇ ಮುರಿದು ಒಂದು ಚೂರು ಬಿದ್ದುಹೋದರೆ ನಾಣ್ಯದ ಅಂಚಿನಲ್ಲಿ ಚಿತ್ರವಿಲ್ಲದ ಲೋಹದ ಗುಡ್ಡೆ ಬರುತ್ತದೆ, ಅದನ್ನು ಕಡ್ ಅನ್ನುತ್ತಾರೆ. ಬೆಸುಗೆ ಹಾಕಿ ಇದನ್ನು ಮಾಡಿದವರೂ ಇದ್ದಾರೆ. ನಾಣ್ಯ ತಿರುಗಿಸಿ ಅದೇ ಜಾಗದ ಹಿಂಬದಿ ನೋಡಿ. ನಿಜವಾದ ಕಡ್ ದೊಡ್ಡದಿದ್ದರೆ, ಲೋಹ ಆ ಖಾಲಿ ಜಾಗ ತುಂಬಲು ಹೋದದ್ದರಿಂದ ಹಿಂಬದಿಯ ಅಕ್ಷರಗಳು ಮಂಕಾಗಿರುತ್ತವೆ. ಬೆಸುಗೆಗೆ ಹಿಂಬದಿಯ ಸುದ್ದಿಯೇ ಇರುವುದಿಲ್ಲ.


#4 ಡಬ್ಬಿ_ನಾಣ್ಯ

ಧನ್ಯವಾದ ಮೇಡಂ, ಇದನ್ನು ಬರೆದಿಟ್ಟುಕೊಂಡೆ. ತಕ್ಕಡಿ ಸ್ನೇಹಿತರದ್ದು ತಂದೆ.

1994ರ ಸೆಂಟ್: 2.51 ಗ್ರಾಂ
ಕ್ವಾರ್ಟರ್: 5.63 ಗ್ರಾಂ
1975ರ ಸೆಂಟ್: 3.06 ಗ್ರಾಂ, ಅಡ್ಡಳತೆ 18.3 ಮಿ.ಮೀ.


#5 ನೋಟ_ಹತ್ತುಪಟ್ಟು

ಕ್ವಾರ್ಟರ್ ಮೊದಲು. ನಿರಾಸೆಯಾಗುತ್ತದೆ, ಆದರೂ ನೇರವಾಗಿ ಹೇಳುತ್ತೇನೆ: ಪದರ ಎಲ್ಲೂ ಹೋಗಿಲ್ಲ, ಬಣ್ಣ ಮಾತ್ರ ಹೋಗಿದೆ.

1965ರಿಂದ ಈಚೆಗಿನ ಸಾಮಾನ್ಯ ಕ್ವಾರ್ಟರ್ ಅಂದರೆ ಶುದ್ಧ ತಾಮ್ರದ ತಿರುಳು, ಅದರ ಎರಡೂ ಬದಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಪದರ. ಇರಬೇಕಾದ ತೂಕ 5.67 ಗ್ರಾಂ, ಅತ್ತಿತ್ತ 0.227 ಗ್ರಾಂ ವ್ಯತ್ಯಾಸಕ್ಕೆ ಅವಕಾಶ. ಒಂದೊಂದು ಪದರದ ಪಾಲು ಒಟ್ಟು ತೂಕದಲ್ಲಿ ಸುಮಾರು ಆರರಲ್ಲಿ ಒಂದು. ನಿಜವಾಗಿ ಒಂದು ಪದರ ಇಲ್ಲದಿದ್ದರೆ ನಿಮ್ಮ ತಕ್ಕಡಿ 4.7ರ ಆಸುಪಾಸು ತೋರಿಸಬೇಕಿತ್ತು. 5.63 ಅಂದರೆ ಎಲ್ಲ ಲೋಹವೂ ಅಲ್ಲೇ ಇದೆ. ಮಣ್ಣಿನಲ್ಲೋ ತೇವದಲ್ಲೋ ಬಹಳ ದಿನ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಹೀಗೆ ಕಂದಾಗುತ್ತದೆ. ಪಕ್ಕದಿಂದ ನೋಡಿ, ಅಂಚಿನಲ್ಲಿ ಬಿಳಿ-ತಾಮ್ರ-ಬಿಳಿ ಅಂತ ಮೂರು ಗೆರೆ ಕಾಣಬೇಕು.

1975ರದ್ದು ನನಗೆ ಇಷ್ಟವಾದ ಪ್ರಕರಣ, ಯಾಕಂದರೆ ತೂಕ ಮತ್ತು ಅಳತೆ ಎರಡೂ ಸೇರಿ ಕಥೆ ಹೇಳುತ್ತವೆ. ಸೆಂಟಿನ ಅಡ್ಡಳತೆ 19.05 ಮಿ.ಮೀ., ಆ ಕಾಲದ ತೂಕ 3.11 ಗ್ರಾಂ. ನಿಮ್ಮದು ಅಗಲ ಕಳೆದುಕೊಂಡಿದೆ, ತೂಕ ಕಳೆದುಕೊಂಡಿಲ್ಲ. ಡೈಮಿನ ಬಿಲ್ಲೆಯಾಗಿದ್ದರೆ 2.27 ಗ್ರಾಂ ಇರಬೇಕಿತ್ತು, ಬಣ್ಣವೂ ಬಿಳಿ ಇರಬೇಕಿತ್ತು. ಲೋಹ ಕಡಿಮೆಯಾಗಿಲ್ಲ, ಸರಿದಿದೆ. ಎಲ್ಲಿಗೆ? ಅಂಚಿಗೆ. ಇದನ್ನು ಡ್ರೈಯರ್ ನಾಣ್ಯ ಅನ್ನುತ್ತಾರೆ. ಬಟ್ಟೆ ಒಣಗಿಸುವ ದೊಡ್ಡ ಯಂತ್ರದ ಡ್ರಮ್ಮಿನ ಸಂದಿಯಲ್ಲಿ ನಾಣ್ಯ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉರುಳಿ ಉರುಳಿ ಬೀಳುತ್ತದೆ. ಪ್ರತಿ ಸಲ ಅಂಚಿಗೆ ಸಣ್ಣ ಏಟು. ಅಂಚು ದಪ್ಪವಾಗಿ ಒಳಗೆ ಮಡಚಿಕೊಳ್ಳುತ್ತದೆ, ಅದರ ಪಕ್ಕದ ಅಕ್ಷರಗಳನ್ನು ನುಂಗುತ್ತಾ ಬರುತ್ತದೆ. ನಿಮ್ಮ ಫೋಟೋದಲ್ಲಿ ಮೇಲಿನ ಸಾಲಿನ ಅಕ್ಷರಗಳ ತಲೆ ಅಂಚಿನ ಕೆಳಗೆ ಹೋಗಿರೋದು ಕಾಣುತ್ತದೆ.


#6 ಡಬ್ಬಿ_ನಾಣ್ಯ

ಅಕ್ಷರಗಳ ತಲೆ ಹೋಗಿರೋದನ್ನು ನಾನು ಗಮನಿಸಿಯೇ ಇರಲಿಲ್ಲ. ಈಗ ನೋಡಿದರೆ ಅದೇ ಮೊದಲು ಕಾಣುತ್ತಿದೆ. ಕ್ವಾರ್ಟರಿನ ಪಕ್ಕದಲ್ಲಿ ಮೂರು ಗೆರೆಯೂ ಇದೆ.

1994ರದ್ದು? ಅದರಲ್ಲಂತೂ ಅಂಕಿಗಳು ನಿಜಕ್ಕೂ ಎರಡಿವೆ.


#7 ಅಚ್ಚುಮೊಳೆ

ಎರಡಿವೆ, ಸರಿ. ಆದರೆ ಎರಡಾಗುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಡಬಲ್ಡ್ ಡೈ ಅಂದರೆ ಅಚ್ಚೇ ಎರಡು ಚಿತ್ರ ಹೊತ್ತುಕೊಂಡಿರುವುದು. ಅಚ್ಚನ್ನು ತಯಾರಿಸುವಾಗ ಹಬ್ ಅನ್ನುವ ಮೂಲ ಉಬ್ಬುಚಿತ್ರವನ್ನು ಉಕ್ಕಿನ ಮೇಲೆ ಒತ್ತುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದಾಗ ಉಕ್ಕು ಗಡಸಾಗುತ್ತಿತ್ತು, ಮತ್ತೆ ಕಾಯಿಸಿ ಮೆದು ಮಾಡಿ ಇನ್ನೊಮ್ಮೆ ಒತ್ತಬೇಕಿತ್ತು. ಎರಡನೇ ಸಲ ಕೂರಿಸುವಾಗ ಕೂದಲೆಳೆಯಷ್ಟು ತಿರುಗಿದರೂ ಅಚ್ಚಿನಲ್ಲಿ ಎರಡು ಚಿತ್ರ. ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜೋಡಿ, ಅದೇ ಜಾಗದಲ್ಲಿ, ಅದೇ ಅಂತರದಲ್ಲಿ.

ಇದರಲ್ಲಿ ಹೆಸರುವಾಸಿ 1955ರ ಸೆಂಟ್. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಆ ಅಚ್ಚಿನ ನಾಣ್ಯಗಳು ಬೇರೆ ಯಂತ್ರಗಳ ನಾಣ್ಯಗಳ ಜೊತೆ ಬೆರೆತುಹೋಗಿದ್ದವು. ಎಲ್ಲವನ್ನೂ ಕರಗಿಸುವ ಬದಲು ಹೊರಗೆ ಬಿಟ್ಟರು. 20,000ಕ್ಕೂ ಹೆಚ್ಚು ಹಾಗೆ ಚಲಾವಣೆಗೆ ಬಂದವು. ಇಸವಿ, ಮುಂಬದಿಯ ಬರಹ ಎಲ್ಲವೂ ಬರಿಗಣ್ಣಿಗೇ ಎರಡಾಗಿ ಕಾಣುತ್ತವೆ. ಹಿಂಬದಿ ಮಾತ್ರ ಸ್ವಚ್ಛ, ಯಾಕಂದರೆ ಅದು ಬೇರೆ ಅಚ್ಚು.

ನಿಮ್ಮದು ಮೆಷಿನ್ ಡಬ್ಲಿಂಗ್. ಅಚ್ಚಿನಲ್ಲಿ ಚಿತ್ರ ಒಂದೇ ಇದೆ. ಒತ್ತಿ ಮುಗಿದ ಕ್ಷಣದಲ್ಲಿ ಅಚ್ಚು ಅದುರಿ ಪಕ್ಕಕ್ಕೆ ಸರಿದು, ಆಗತಾನೆ ಎದ್ದ ಅಂಕಿಯ ಒಂದು ಬದಿಯನ್ನು ಕೆಳಗೆ ತಳ್ಳಿದೆ. ಗುರುತು ಹೇಳುತ್ತೇನೆ, ನಿಮ್ಮ ಮಸೂರ ಹಿಡಿದುಕೊಂಡೇ ಓದಿ. ಎರಡನೆಯ ಅಂಕಿ ದುಂಡಗಿದೆಯಾ, ಚಪ್ಪಟೆ ಮೆಟ್ಟಿಲಿನ ಹಾಗಿದೆಯಾ? ಚಪ್ಪಟೆ. ಮೊದಲನೆಯದಕ್ಕಿಂತ ತಗ್ಗಿನಲ್ಲಿದೆಯಾ? ಇದೆ. ಬೇರೆ 1994ರ ಸೆಂಟಿನ ಪಕ್ಕ ಇಟ್ಟರೆ ನಿಮ್ಮದರ 9 ಸಪೂರವಾಗಿ ಕಾಣಬೇಕು, ಯಾಕಂದರೆ ಮೆಟ್ಟಿಲಾಗಿದ್ದು ಅದರದ್ದೇ ಮೈ. ಡಬಲ್ಡ್ ಡೈನಲ್ಲಿ ಅಂಕಿ ಅಗಲವಾಗುತ್ತದೆ, ಎರಡೂ ಚಿತ್ರ ದುಂಡಗೆ ತುಂಬಿಕೊಂಡಿರುತ್ತವೆ, ಅಕ್ಷರದ ಮೂಲೆಗಳಲ್ಲಿ ಹಾವಿನ ನಾಲಗೆಯ ಹಾಗೆ ಸೀಳು ಕಾಣುತ್ತದೆ. ಆ ಸೀಳು ಕಂಡರೆ ನನ್ನ ಎದೆ ಈಗಲೂ ಜೋರಾಗಿ ಹೊಡೆದುಕೊಳ್ಳುತ್ತದೆ.


#8 ಪ್ರೆಸ್‌ಷಾಪ್_ಹಳಬ

ಅಚ್ಚುಮೊಳೆ ಅವರ ಮಾತು ಸರಿ, ಒಂದು ಕಡೆ ಮಾತ್ರ ನನ್ನ ತಕರಾರು ಇದೆ. ನಾನು ಟಂಕಸಾಲೆಯವನಲ್ಲ, ಆದರೆ ಮೂವತ್ತು ವರ್ಷ ತಗಡು ಕತ್ತರಿಸಿ ಒತ್ತುವ ಪ್ರೆಸ್ಸುಗಳ ಮುಂದೆ ನಿಂತವನು. ಡೈ ಹೋಲ್ಡರ್ ಸಡಿಲವಾದರೆ, ಬೇರಿಂಗ್ ಸವೆದರೆ ಪಂಚ್ ಮೇಲೇಳುವಾಗ ಒಂದು ಒದರು ಒದರುತ್ತದೆ, ಅದರ ಗುರುತು ಸಾಮಾನಿನ ಮೇಲೆ ಉಳಿಯುತ್ತದೆ. ಹಾಗಾಗಿ ಮೆಷಿನ್ ಡಬ್ಲಿಂಗನ್ನು "ಡ್ಯಾಮೇಜ್" ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಯಂತ್ರದೊಳಗೇ ಆದದ್ದು, ಹೊರಗೆ ಬಂದ ಮೇಲೆ ಆದದ್ದಲ್ಲ. ಇಲ್ಲಿ ಕೆಲವರು ಅದನ್ನು ಡ್ರೈಯರ್ ನಾಣ್ಯದ ಜೊತೆ ಒಂದೇ ಬುಟ್ಟಿಗೆ ಹಾಕುತ್ತಾರೆ.


#9 ಅಚ್ಚುಮೊಳೆ

ಹಳಬರೇ, ಒಪ್ಪಿದೆ. ನಾನು ಡ್ಯಾಮೇಜ್ ಅಂದಿಲ್ಲ, ಆದರೆ ಆ ಮಾತು ನಮ್ಮಲ್ಲಿ ಓಡಾಡುತ್ತದೆ, ನಿಜ. ಟಂಕಸಾಲೆಯಲ್ಲೇ ಆದದ್ದು ಹೌದು. ಆದರೂ ಸಂಗ್ರಹಕಾರರು ಅದನ್ನು ಬಯಸುವುದಿಲ್ಲ, ಯಾಕಂದರೆ ಅದು ರಾಶಿರಾಶಿ ಸಿಗುತ್ತದೆ, ಒಂದು ನಾಣ್ಯದಲ್ಲಿದ್ದ ಹಾಗೆ ಮುಂದಿನದರಲ್ಲಿ ಇರುವುದಿಲ್ಲ. "ಟಂಕಸಾಲೆಯ ತಪ್ಪು" ಅನ್ನುವುದೂ "ಸಂಗ್ರಹಯೋಗ್ಯ ತಪ್ಪು" ಅನ್ನುವುದೂ ಎರಡು ಬೇರೆ ವಿಷಯ ಅಂತ ಹೇಳಿದ್ದರೆ ಚೆನ್ನಾಗಿತ್ತು.


#10 ನೋಟ_ಹತ್ತುಪಟ್ಟು

ಮೂರನೆಯದೊಂದು ದಾರಿಯೂ ಇದೆ, ಅದನ್ನು ಬಿಟ್ಟರೆ ಪಾಠ ಅರೆಬರೆಯಾಗುತ್ತದೆ. ಲಕ್ಷಗಟ್ಟಲೆ ನಾಣ್ಯ ಒತ್ತಿ ಅಚ್ಚು ಸವೆದಾಗ ಅಕ್ಷರಗಳ ಅಂಚು ಹರಡಿಕೊಂಡು, ನೀರಿನಲ್ಲಿ ನೆನೆದ ಶಾಯಿಯ ಹಾಗೆ ಮಸುಕಾದ ನೆರಳು ಏಳುತ್ತದೆ. ಅದರಲ್ಲಿ ಸೀಳೂ ಇಲ್ಲ, ಮೆಟ್ಟಿಲೂ ಇಲ್ಲ. 1955ರದ್ದೇ ಸೆಂಟಿನಲ್ಲಿ, ಇಸವಿಯ ಕೊನೆಯ 5ರ ಪಕ್ಕ ಇಂಥ ನೆರಳಿರುವ ನಾಣ್ಯಗಳು ಬೇಕಾದಷ್ಟಿವೆ. "ಬಡವರ ಡಬಲ್ಡ್ ಡೈ" ಅಂತ ಹೆಸರಿಟ್ಟು ಮಾರುತ್ತಾರೆ. ಇಸವಿ ಒಂದೇ ಆಗಿರುವುದರಿಂದ ಜನ ಮೋಸ ಹೋಗುತ್ತಾರೆ. ಅಚ್ಚಿಗೆ ವಯಸ್ಸಾದದ್ದು ಬಿಟ್ಟರೆ ಅಲ್ಲಿ ಬೇರೇನೂ ಆಗಿಲ್ಲ.


#11 ಬೆಳ್ಳಿಗೆರೆ

ಮೋಸದ ಮಾತು ಬಂತು, ಅದಕ್ಕೇ ನನ್ನದನ್ನೂ ಹೇಳುತ್ತೇನೆ. ಆರು ವರ್ಷದ ಹಿಂದೆ ನಾನೊಂದು "ಬ್ರೋಕೇಜ್" ಕೊಂಡೆ. ಎರಡು ತಿಂಗಳು ಕೂಡಿಸಿದ ಹಣ. ಮಾರಿದವರ ಮಾತು ನಯವಾಗಿತ್ತು, ಫೋಟೋದಲ್ಲಿ ನಾಣ್ಯದ ಒಂದು ಮುಖದ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ, ಒಳಕ್ಕೆ ಇಳಿದ ಅಕ್ಷರಗಳು ಸ್ಪಷ್ಟವಾಗಿದ್ದವು. ಬ್ರೋಕೇಜ್ ಅಂದರೆ ಅದೇ ತಾನೇ ಅಂತ ನಂಬಿದೆ.

ನಿಜವಾದ ಬ್ರೋಕೇಜ್ ಆಗುವುದು ಹೀಗೆ: ಒತ್ತಿದ ನಾಣ್ಯ ಹೊರಗೆ ಹೋಗದೆ ಅಚ್ಚಿಗೇ ಅಂಟಿಕೊಂಡು ಕೂರುತ್ತದೆ. ಮುಂದಿನ ಬಿಲ್ಲೆ ಬಂದಾಗ ಅದರ ಒಂದು ಮುಖಕ್ಕೆ ಅಚ್ಚು ತಾಗುವುದೇ ಇಲ್ಲ, ಅಂಟಿಕೊಂಡ ನಾಣ್ಯ ತಾಗುತ್ತದೆ. ಆ ನಾಣ್ಯದ ಉಬ್ಬುಚಿತ್ರ ಹೊಸ ಬಿಲ್ಲೆಯಲ್ಲಿ ತಗ್ಗಾಗಿ, ತಿರುವುಮುರುವಾಗಿ ಇಳಿಯುತ್ತದೆ. ಗಮನಿಸಿ, ಆ ಮುಖ ಅಲ್ಲಿಯ ತನಕ ಖಾಲಿ ಬಿಲ್ಲೆ. ಅದರ ಮೇಲೆ ಬೇರೆ ಯಾವ ಚಿತ್ರವೂ ಇರಲು ಸಾಧ್ಯವೇ ಇಲ್ಲ.

ನನ್ನದರಲ್ಲಿ ಇತ್ತು. ಕೊಂಡ ನಾಲ್ಕನೇ ದಿನ ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ತಿರುಗಿಸುತ್ತಿದ್ದಾಗ, ಆ ತಿರುಗಿದ ಅಕ್ಷರಗಳ ಅಡಿಯಲ್ಲಿ ಜಜ್ಜಿಹೋದ ಮೂಗು, ಗದ್ದ, ತಲೆಗೂದಲಿನ ಗೆರೆ ಕಂಡವು. ಇಡೀ ಮುಖ ಅಲ್ಲೇ ಇತ್ತು, ಚಪ್ಪಟೆಯಾಗಿ. ಎರಡು ನಾಣ್ಯವನ್ನು ಒಂದರ ಮೇಲೊಂದಿಟ್ಟು ಬೆಂಚ್ ವೈಸಿನಲ್ಲಿ ಬಿಗಿದಿದ್ದರು, ಅಷ್ಟೇ. ಇನ್ನೊಂದು ಮುಖವೂ ವೈಸಿನ ದವಡೆಗೆ ಒತ್ತಿ ನುಣ್ಣಗಾಗಿತ್ತು. ಎಲ್ಲವೂ ಕಣ್ಣ ಮುಂದೇ ಇತ್ತು, ನಾನು ಆಸೆಯ ಕಣ್ಣಿನಿಂದ ನೋಡಿದ್ದೆ. ಹಣ ವಾಪಸ್ ಬರಲಿಲ್ಲ. ಆ ನಾಣ್ಯವನ್ನು ಇಟ್ಟುಕೊಂಡಿದ್ದೇನೆ, ಯಾರಾದರೂ ಕಲಿಯಲು ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.


#12 ಪ್ರೆಸ್‌ಷಾಪ್_ಹಳಬ

ತಂಗೀ, ಇದನ್ನು ಬರೆದದ್ದು ಒಳ್ಳೆಯದಾಯಿತು. ಇಂಥದ್ದನ್ನು ಎಷ್ಟೋ ಜನ ನಾಚಿಕೆಯಿಂದ ಮುಚ್ಚಿಡುತ್ತಾರೆ.


#13 ನೋಟ_ಹತ್ತುಪಟ್ಟು

ಬೆಳ್ಳಿಗೆರೆ ಅವರು ಹೇಳಿದ್ದಕ್ಕೆ ಇನ್ನೆರಡು ಸೇರಿಸುತ್ತೇನೆ, ಎರಡೂ ಬೇಕಂತಲೇ ಮಾಡುವ ನಕಲಿಗಳು.

1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಅಮೆರಿಕದ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಒತ್ತಿದರು. ಹಳೆಯ ಕಂಚಿನ ಬಿಲ್ಲೆಗಳು ಕೆಲವೇ ಕೆಲವು ಯಂತ್ರದಲ್ಲಿ ಉಳಿದು ಅವುಗಳ ಮೇಲೂ 1943ರ ಅಚ್ಚು ಬಿತ್ತು. ಅಪರೂಪದಲ್ಲಿ ಅಪರೂಪ. ಹಾಗಾಗಿ ಉಕ್ಕಿನ ಸೆಂಟಿಗೆ ತಾಮ್ರದ ನೀರು ಕೊಟ್ಟು ಮಾರುವವರು ಹುಟ್ಟಿಕೊಂಡರು. ಅಯಸ್ಕಾಂತ ಹಿಡಿದರೆ ಸಾಕು, ಉಕ್ಕು ಟಕ್ಕನೆ ಅಂಟಿಕೊಳ್ಳುತ್ತದೆ. ಅಂಟದಿದ್ದರೆ ಗೆದ್ದ ಹಾಗಲ್ಲ, 1948ರ ಕಂಚಿನ ಸೆಂಟಿನಲ್ಲಿ 8ರ ಎಡಭಾಗ ಕೆತ್ತಿ 3 ಮಾಡಿದವೂ ಇವೆ. ತೂಕ ಕೂಡ ಅಲ್ಲಿ ಕೈಕೊಡುತ್ತದೆ, ಕಂಚು ಕಂಚೇ, 3.11 ಗ್ರಾಂ. ಆಗ ಆ 3ರ ಆಕಾರವನ್ನು ಅದೇ ವರ್ಷದ ಉಕ್ಕಿನ ಸೆಂಟಿನ 3ರ ಜೊತೆ ಹೋಲಿಸಬೇಕು. ಕೆತ್ತಿದ ಜಾಗದಲ್ಲಿ ಲೋಹದ ಮೈ ಒರಟಾಗಿರುತ್ತದೆ.

ಇನ್ನೊಂದು, 1937ರ ಡೆನ್ವರ್ ಟಂಕಸಾಲೆಯ ಮೂರು ಕಾಲಿನ ಕಾಡೆಮ್ಮೆಯ ಐದು ಸೆಂಟ್. ಅಚ್ಚಿನ ಮೇಲಿನ ಕಲೆ ತೆಗೆಯಲು ಅತಿಯಾಗಿ ಉಜ್ಜಿದಾಗ ಮುಂಗಾಲೊಂದು ಮಾಯವಾಯಿತು. ಸಾಧಾರಣ ನಾಣ್ಯದ ಕಾಲನ್ನು ಅರದಿಂದ ಉಜ್ಜಿ ಇದನ್ನು ನಕಲು ಮಾಡುತ್ತಾರೆ. ಆದರೆ ಅಸಲಿಯಲ್ಲಿ ಹೊಟ್ಟೆಯ ಕೆಳಗೆ ನೆಲದ ತನಕ ಸಾಲಾಗಿ ಉಬ್ಬಿದ ಸಣ್ಣ ಚುಕ್ಕಿಗಳಿವೆ, ಹಿಂಗಾಲು ಹುಳ ತಿಂದ ಹಾಗೆ ಸವೆದಿದೆ. ಉಜ್ಜಿ ಕಾಲು ತೆಗೆಯಬಹುದು. ಉಜ್ಜಿ ಉಬ್ಬು ಚುಕ್ಕಿ ಎಬ್ಬಿಸಲಾಗದು.


#14 ಡಬ್ಬಿ_ನಾಣ್ಯ

ಎಲ್ಲವನ್ನೂ ಎರಡೆರಡು ಸಲ ಓದಿದೆ. ನನ್ನ ಮೂರೂ ಹೋದವು, ಬೇಸರವಿಲ್ಲ. ಯಾವುದು ಯಾಕೆ ಅಲ್ಲ ಅಂತ ಈಗ ನಾನೇ ಇನ್ನೊಬ್ಬರಿಗೆ ಹೇಳಬಲ್ಲೆ.

ಅಂದಹಾಗೆ ಡಬ್ಬಿಯಲ್ಲಿ ಮುರಿದವು, ಬಾಗಿದವು, ತೂತು ಬಿದ್ದವು ಅಂತ ಒಂದು ಹತ್ತು ನಾಣ್ಯ ಬೇರೆ ಲಕೋಟೆಗೆ ಹಾಕಿ ಬದಿಗಿಟ್ಟಿದ್ದೆ. ಅದರಲ್ಲಿ 1987ರ ಒಂದು ಸೆಂಟ್ ಇದೆ, ಯಾರೋ ಒಂದು ಬದಿ ಕಚ್ಚಿದ ಹಾಗೆ ಅರ್ಧಚಂದ್ರಾಕಾರದಲ್ಲಿ ತುಂಡಾಗಿದೆ. ಇದನ್ನೂ ಕತ್ತರಿಯಲ್ಲೋ ಅರದಲ್ಲೋ ಮಾಡಿರುತ್ತಾರೆ ಅಲ್ಲವಾ? ಎಸೆಯುವ ಮುಂಚೆ ಕೇಳೋಣ ಅಂತ.


#15 ಪ್ರೆಸ್‌ಷಾಪ್_ಹಳಬ

ಎಸೆಯಬೇಡಿ! ಇದು ನನ್ನ ಕಸುಬಿನ ವಿಷಯ, ತಾಳಿ.

ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪ್ರತಿ ಏಟಿಗೂ ಪಟ್ಟಿ ಇಷ್ಟಿಷ್ಟು ಮುಂದೆ ಸರಿಯಬೇಕು. ಸರಿಯದೆ ನಿಂತರೆ ಪಂಚ್ ಹೋಗಿ ಹಿಂದಿನ ತೂತಿನ ಮೇಲೇ ಅರೆಬರೆ ಬೀಳುತ್ತದೆ. ಹೊರಬಂದ ಬಿಲ್ಲೆಯಲ್ಲಿ ಹಿಂದಿನ ತೂತಿನ ಜಾಗ ಖಾಲಿ. ನಾವು ವಾಷರ್ ಒತ್ತುವಾಗ ಹೀಗೆ ಬಂದದ್ದನ್ನು ಗುಜರಿಗೆ ಹಾಕುತ್ತಿದ್ದೆವು. ಟಂಕಸಾಲೆಯಲ್ಲಿ ಕಣ್ಣು ತಪ್ಪಿ ಮುಂದೆ ಹೋದರೆ ಅದರ ಮೇಲೆ ಅಚ್ಚು ಬೀಳುತ್ತದೆ.

ಈಗ ನೋಡಬೇಕಾದ್ದು. ಆ ಬಾಗಿಗೆ ಇನ್ನೊಂದು ಸೆಂಟಿನ ಅಂಚನ್ನು ಸೇರಿಸಿ ಹಿಡಿಯಿರಿ, ಹೆಚ್ಚುಕಡಿಮೆ ಕೂರಬೇಕು, ಯಾಕಂದರೆ ಅದು ಅಂಥದ್ದೇ ಬಿಲ್ಲೆಯ ತೂತು. ಬಾಗಿನ ಪಕ್ಕದ ಅಕ್ಷರಗಳನ್ನು ನೋಡಿ. ಆಮೇಲೆ ಕತ್ತರಿಸಿದ್ದಾದರೆ ಅಕ್ಷರ ಚಾಕು ಇಟ್ಟ ಹಾಗೆ ನಿಂತುಹೋಗಿರುತ್ತದೆ. ಮೊದಲೇ ಖಾಲಿ ಇದ್ದರೆ, ಒತ್ತುವಾಗ ತಡೆಯಲು ಲೋಹವಿಲ್ಲದ್ದರಿಂದ ಅಕ್ಷರ ಆ ಕಡೆಗೆ ಜಾರಿ, ತೆಳುವಾಗಿ, ಕರಗಿದ ಹಾಗೆ ಮುಗಿಯುತ್ತದೆ.

ಬಾಗಿನ ನೇರ ಎದುರು ಬದಿಯ ಅಂಚು ಹೇಗಿದೆ? ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಅನ್ನುತ್ತಾರೆ. ಬಿಲ್ಲೆಯನ್ನು ಉರುಳಿಸಿ ಅಂಚು ಎಬ್ಬಿಸುವ ಯಂತ್ರ ಎರಡು ಕಡೆಯಿಂದ ಒಮ್ಮೆಲೇ ಅಮುಕುತ್ತದೆ. ಒಂದು ಕಡೆ ಖಾಲಿ ಇದ್ದರೆ ಅದರ ಎದುರಿಗೆ ಒತ್ತಡವೇ ಬೀಳುವುದಿಲ್ಲ, ಅಲ್ಲಿ ಅಂಚು ಏಳುವುದಿಲ್ಲ. ಕತ್ತರಿ ಹಿಡಿದವನ ತಲೆಗೆ ಇದು ಹೊಳೆಯುವುದಿಲ್ಲ, ಹೊಳೆದರೂ ಮಾಡುವುದು ಕಷ್ಟ. ಸಣ್ಣ ತುಂಡಾದರೆ ಅಸಲಿಯಲ್ಲೂ ಇದು ಸ್ಪಷ್ಟ ಕಾಣದೆ ಇರಬಹುದು, ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ.


#16 ಅಚ್ಚುಮೊಳೆ

ಹಳಬರೇ, 1987 ಅಂದರೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ! 1982ರಲ್ಲಿ ಸೆಂಟ್ ಕಂಚಿನಿಂದ ಸತುವಿಗೆ ಬದಲಾಯಿತು. ಒಳಗೆಲ್ಲ ಸತು, ಮೇಲೆ ತಾಮ್ರದ ತೆಳು ಲೇಪ, ತೂಕ 2.5 ಗ್ರಾಂ. ಬಿಲ್ಲೆಯನ್ನು ಮೊದಲು ಕತ್ತರಿಸಿ, ಆಮೇಲೆ ತಾಮ್ರ ಲೇಪಿಸಿ, ಕೊನೆಗೆ ಅಚ್ಚೊತ್ತುತ್ತಿದ್ದರು. ಹಾಗಾಗಿ ಕತ್ತರಿಸುವಾಗಲೇ ಖಾಲಿಯಾದ ಬಾಗಿನ ಮೈಯ ಮೇಲೂ ತಾಮ್ರ ಇರಲೇಬೇಕು. ಆಮೇಲೆ ತುಂಡರಿಸಿದ್ದಾದರೆ ಅಲ್ಲಿ ಬೂದು ಬಣ್ಣದ ಸತು ಬೆತ್ತಲೆ ಕಾಣುತ್ತದೆ.

ಡಬ್ಬಿ_ನಾಣ್ಯ ಅವರೇ, ಬಾಗಿನ ಒಳಮೈ ಯಾವ ಬಣ್ಣ ಇದೆ?


#17 ಡಬ್ಬಿ_ನಾಣ್ಯ

ತಾಮ್ರ.

ಉಳಿದ ನಾಣ್ಯದಷ್ಟೇ ಕಂದು, ಎಲ್ಲೂ ಬೂದು ಇಲ್ಲ. ತೂಕ 2.29 ಗ್ರಾಂ. ಇನ್ನೊಂದು ಸೆಂಟ್ ಹಿಡಿದರೆ ಬಾಗಿನಲ್ಲಿ ಸರಿಯಾಗಿ ಕೂರುತ್ತದೆ. ಪಕ್ಕದ ಎರಡು ಅಕ್ಷರಗಳ ತುದಿ ಬಾಗಿನ ಕಡೆಗೆ ಹರಡಿ ತೆಳುವಾಗಿವೆ. ಎದುರು ಬದಿಯಲ್ಲಿ, ನೀವು ಹೇಳದಿದ್ದರೆ ನಾನು ಜೀವಮಾನದಲ್ಲಿ ನೋಡುತ್ತಿರಲಿಲ್ಲ, ಅಂಚು ನಿಧಾನವಾಗಿ ತಗ್ಗಿ ಒಂದು ಅಕ್ಷರದಗಲ ಪೂರ್ತಿ ಇಲ್ಲವಾಗಿ ಮತ್ತೆ ಏಳುತ್ತದೆ. ಎರಡೂ ಮುಖದಲ್ಲೂ ಹಾಗೇ. ಫೋಟೋ ಹಾಕಿದ್ದೇನೆ, ಬೆಳಕು ಎಡಗಡೆಯಿಂದ.


#18 ಪ್ರೆಸ್‌ಷಾಪ್_ಹಳಬ

ಕಣ್ಣು ತಂಪಾಯಿತು. ಅಸಲಿ ಕ್ಲಿಪ್, ಅಂದರೆ ಬಿಲ್ಲೆ ಕತ್ತರಿಸುವಾಗಲೇ ತುಂಡಾದದ್ದು. ಪಟ್ಟಿ ಸರಿಯದೆ ನಿಂತ ಆ ಒಂದು ಏಟು ಇಷ್ಟು ವರ್ಷದ ಮೇಲೂ ಹಾಗೇ ಕೂತಿದೆ ನೋಡಿ.


#19 ಬೆಳ್ಳಿಗೆರೆ

ಅಭಿನಂದನೆ! ಆ ಲಕೋಟೆಯಲ್ಲಿ ಉಳಿದ ಒಂಬತ್ತನ್ನೂ ನೋಡಿ. ಅಕ್ಷರ ಮಾಯವಾದದ್ದು ಏನಾದರೂ ಇದ್ದರೆ ಆ ಜಾಗದ ಹೊಳಪನ್ನು ಗಮನಿಸಿ. ಅಚ್ಚಿನ ತಗ್ಗಿನಲ್ಲಿ ಜಿಡ್ಡು ತುಂಬಿ ಅಕ್ಷರ ಏಳದೆ ಇದ್ದರೆ ಆ ಜಾಗದ ಮೈ ಸುತ್ತಲಿನ ಮೈಗೆ ಹೊಂದಿಕೊಂಡಿರುತ್ತದೆ. ಉಜ್ಜಿ ತೆಗೆದಿದ್ದರೆ ಒಂದೇ ದಿಕ್ಕಿನ ಸಣ್ಣ ಗೀರುಗಳೂ ಬೇರೆ ಥರದ ಹೊಳಪೂ ಇರುತ್ತವೆ.


#20 ಟಂಕ_ಹೊಸಬ

ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ನಡುವಿನ ತಿರುಳು ಇಲ್ಲದ ಎರಡು ಲೋಹದ ನಾಣ್ಯ ಇದೆ, ಬರೀ ಹೊರಬಳೆ. ಅದೂ ಎರರಾ?


#21 ನೋಟ_ಹತ್ತುಪಟ್ಟು

ಸಾಮಾನ್ಯವಾಗಿ ಅಲ್ಲ. ಕಾಯಿಸಿ, ತಣ್ಣಗೆ ಮಾಡಿ, ಹೊಡೆದು ತಿರುಳು ಬೀಳಿಸುವುದು ಸುಲಭ. ಬಳೆಯ ಒಳಮೈ ನೋಡಿ. ತಿರುಳು ಇದ್ದು ಆಮೇಲೆ ಹೋಗಿದ್ದರೆ ಅದು ಕಚ್ಚಿಕೊಂಡಿದ್ದ ಗುರುತು ಅಲ್ಲಿರುತ್ತದೆ, ಚಿತ್ರದ ಗೆರೆಗಳು ತೂತಿನ ಅಂಚಿನಲ್ಲಿ ಥಟ್ಟನೆ ನಿಂತಿರುತ್ತವೆ. ತಿರುಳಿಲ್ಲದೆಯೇ ಅಚ್ಚು ಬಿದ್ದಿದ್ದರೆ ಲೋಹ ಒಳಕ್ಕೆ ಹರಿದು ತೂತು ಕಿರಿದಾಗಿ, ಅಂಕುಡೊಂಕಾಗಿರುತ್ತದೆ. ಹೊಸ ಚರ್ಚೆ ಶುರು ಮಾಡಿ, ತೂಕದ ಜೊತೆ.


#22 ಡಬ್ಬಿ_ನಾಣ್ಯ

ಹಳಬರೇ, ಮೇಡಂ, ಎಲ್ಲರಿಗೂ ಕೈ ಮುಗಿದೆ. ಕ್ಲಿಪ್ ನಾಣ್ಯಕ್ಕೆ ರಟ್ಟಿನ ಚೌಕಟ್ಟು ತಂದಿದ್ದೇನೆ. ಮೇಲೆ ಏನು ಬರೆಯಲಿ? ಪಿಸಿಜಿಎಸ್, ಎನ್‌ಜಿಸಿ ಥರದ ನಾಣ್ಯ ಪರೀಕ್ಷಿಸುವ ಸಂಸ್ಥೆಗಳಿಗೆ ಕಳಿಸಿ ಪ್ರಮಾಣಪತ್ರ ಮಾಡಿಸಬೇಕಾ?


#23 ಅಚ್ಚುಮೊಳೆ

ಕಳಿಸುವುದು ಬೇಡ. ಒಂದು ಸಣ್ಣ ಕ್ಲಿಪ್ ಸೆಂಟ್ ದೊಡ್ಡ ಬೆಲೆಯ ವಸ್ತುವಲ್ಲ, ಕಳಿಸುವ ಖರ್ಚೇ ಅದನ್ನು ಮೀರುತ್ತದೆ. 1955ರ ಡಬಲ್ಡ್ ಡೈ ಸಿಕ್ಕ ದಿನ ಕಳಿಸಿ.

ಚೌಕಟ್ಟಿನ ಮೇಲೆ ಇಸವಿ, "ಬಾಗಿದ ಕ್ಲಿಪ್", 2.29 ಗ್ರಾಂ, ಬಾಗು ಗಡಿಯಾರದ ಎಷ್ಟು ಗಂಟೆಯ ಜಾಗದಲ್ಲಿದೆ, ಎದುರಿನ ಅಂಚು ಯಾವ ಜಾಗದಲ್ಲಿ ಮಾಯವಾಗಿದೆ, ಇಷ್ಟು ಬರೆಯಿರಿ. ಸ್ಟೇಪಲ್ ಪಿನ್ನು ನಾಣ್ಯಕ್ಕೆ ತಾಗದ ಹಾಗೆ ಚಪ್ಪಟೆ ಮಾಡಿ. ಮಾವನ ಡಬ್ಬಿಯಿಂದ ಬಂದದ್ದು ಅಂತಲೂ ಬರೆಯಿರಿ.


#24 ಡಬ್ಬಿ_ನಾಣ್ಯ

ಬರೆದೆ. ಬಾಗು ನಾಲ್ಕು ಗಂಟೆಯ ಜಾಗದಲ್ಲಿ, ಎದುರಿನ ಅಂಚು ಹತ್ತರಲ್ಲಿ ಮಾಯ. ಡ್ರೈಯರ್ ಸೆಂಟಿಗೂ ಒಂದು ಚೌಕಟ್ಟು ಹಾಕಿದ್ದೇನೆ, ಎರಡನ್ನೂ ಅಕ್ಕಪಕ್ಕ ಇಡುತ್ತೇನೆ. ಇವತ್ತು ರಾತ್ರಿ ಆ ಲಕೋಟೆಯ ಉಳಿದ ಒಂಬತ್ತನ್ನು ತೂಗಿ ನಾಳೆ ಇಲ್ಲೇ ಬರೆಯುತ್ತೇನೆ. ಒಂದರಲ್ಲಿ ಅಂಚಿನಿಂದ ಅಂಚಿಗೆ ಓಡುವ ಗೆರೆಯಿದೆ, ಓರೆ ದೀಪದಲ್ಲಿ ನೋಡಿದೆ, ಉಬ್ಬಿದೆ.